ವರ್ಷಾವಾಸ ಚಿಂತನೆ: ಹೊರಗೇ ಬದುಕಿದ ನಮ್ಮ ಅಜ್ಜ





ಆಷಾಢ ಹುಣ್ಣಿಮೆಯಿಂದ ದಿನಕ್ಕೆ ಒಂದಿಷ್ಟು ಪುಟದಂತೆ ‘ಬುದ್ಧ ಮತ್ತು ಆತನ ಧಮ್ಮ’ ಓದುತ್ತ ಬಂದು, ನಿನ್ನೆ ಪುನರ್ಜನ್ಮದ ಭಾಗ ಮುಗಿಸಿದೆವು. ಓದು ಮುಗಿದ ಮೇಲೆ ಒಬ್ಬ ಭಗಿನಿ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದರು. ಮುಂದಿನ ವಾರ ಮಹಾಲಯ ಅಮಾವಾಸ್ಯೆ, ನೆಂಟರ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ, ನಾವು ಶ್ರಾದ್ಧ ಬಿಟ್ಟೆವು, ಸರಿ. ಆದರೆ ತೀರಿಹೋದ ನಮ್ಮ ಅಪ್ಪ ಅವ್ವ, ಅಜ್ಜ ಅಜ್ಜಿಯರನ್ನು ನೆನೆಯುವುದು ಹೇಗೆ, ಬಿಟ್ಟ ಜಾಗ ಖಾಲಿ ಖಾಲಿ ಅನಿಸುತ್ತದಲ್ಲ, ಎಂದು. ಪ್ರಶ್ನೆಯ ಕೆಳಗೆ ಹತ್ತಾರು ಮಂದಿ ಕೈಮುಗಿದ ಚಿತ್ರ ಹಾಕಿದರು. ಉತ್ತರ ಯಾರೂ ಬರೆಯಲಿಲ್ಲ. ಇಂದು ಚಿಂತನೆ ಬರೆಯುವ ಸರದಿ ನನ್ನದು. ನಾನು ತ್ರಿಪಿಟಕ ಅರೆದು ಕುಡಿದವನಲ್ಲ. ನಮ್ಮ ಅಜ್ಜನ ವಿಷಯ ಹೇಳುತ್ತೇನೆ, ಉತ್ತರ ಅದರಲ್ಲಿ ಎಷ್ಟು ಸಿಕ್ಕರೆ ಅಷ್ಟು.

ನಮ್ಮದು ಹಾನಗಲ್ ತಾಲ್ಲೂಕಿನ ಆಡೂರು. ಈಗ ಹಾವೇರಿ ಜಿಲ್ಲೆ. 1997ಕ್ಕೆ ಮೊದಲು ಧಾರವಾಡ ಜಿಲ್ಲೆ. ಅಜ್ಜ ಹುಟ್ಟಿದಾಗ ಮುಂಬೈ ಪ್ರಾಂತ. ಅತ್ತ ಪೂರ್ತಿ ಮಲೆನಾಡೂ ಅಲ್ಲದ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲದ ನಾಡು. ಕೂರಿಗೆಯಲ್ಲಿ ಬಿತ್ತುವ ಭತ್ತ, ಮಾವಿನ ತೋಪು, ಎತ್ತ ಹೋದರೂ ಒಂದು ಕೆರೆ. ಅಜ್ಜನಿಗೆ ಹುಟ್ಟಿದ ತಾರೀಕು ಗೊತ್ತಿರಲಿಲ್ಲ, ಓದು ಬರಹ ಬರುತ್ತಿರಲಿಲ್ಲ. ಅವನು ಮನೆಯೊಳಗೆ ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಜೋರು ಮಳೆ ಬಿಟ್ಟರೆ ಉಳಿದ ಕಾಲವೆಲ್ಲ ಮಲಗುವುದು ಹೊರಗಿನ ಕಟ್ಟೆಯ ಮೇಲೆ. ನಸುಕಿಗೇ ಎದ್ದು ಹೊಲದ ಹಾದಿ ಹಿಡಿದರೆ ಮರಳಿ ಬರುವುದು ದೀಪ ಹಚ್ಚಿದ ಮೇಲೆ. ಕೆಲಸ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಾನು ಅವನ ಹಿಂದೆ ತಿರುಗಿ ಬೆಳೆದವನು. ಮಿರಗದ ಮಳೆ ಬಿದ್ದ ಎಷ್ಟನೆಯ ದಿನ ಯಾವ ಬದುವಿನಲ್ಲಿ ಅಣಬೆ ಏಳುತ್ತವೆ, ಏಡಿ ಯಾವ ಬಿಲದಲ್ಲಿದೆ, ಯಾವುದು ಹಾವಿನದು, ಗೀಜಗ ಗೂಡಿನ ಬಾಯಿ ಯಾವ ಕಡೆ ಮಾಡಿದೆ, ಕೆರೆಗೆ ಈ ವರ್ಷ ಕೊಕ್ಕರೆ ಏಕೆ ತಡವಾಗಿ ಬಂದವು, ಎಲ್ಲ ತೋರಿಸುತ್ತಿದ್ದ. ಹೇಳುತ್ತಿದ್ದದ್ದು ಕಡಿಮೆ. ನಿಂತು ಗದ್ದ ಎತ್ತುತ್ತಿದ್ದ, ಅಷ್ಟೇ. ನಾನು ಆ ದಿಕ್ಕಿಗೆ ನೋಡಬೇಕು. ಕಾಣದಿದ್ದರೆ ಕಾಣುವವರೆಗೂ ನಿಂತಿರುತ್ತಿದ್ದ. ಮಕ್ಕಳ ಮೇಲೆ ಅಷ್ಟು ಸಮಯ ಹಾಕುವ ಹಿರಿಯರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ನನ್ನನ್ನೂ ಸೇರಿಸಿಯೇ ಈ ಮಾತು.

ಒಂದು ಬೇಸಿಗೆಯ ಕೊನೆಗೆ ಹೊಲ ಹರಗುವಾಗ ಟಿಟ್ಟಿಭ ಹಕ್ಕಿಯೊಂದು ನಮ್ಮ ತಲೆಯ ಮೇಲೆ ಸುತ್ತುತ್ತ ಅರಚತೊಡಗಿತು. ಅಜ್ಜ ಎತ್ತು ನಿಲ್ಲಿಸಿದ. ಬರಿ ನೆಲದ ಮೇಲೆ, ಹೆಂಟೆಗಳ ನಡುವೆ, ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣವೇ, ಮೇಲೆ ಕರಿ ಚುಕ್ಕೆ. ಬೆರಳು ಮಾಡಿ ತೋರಿಸಿದರೂ ನನಗೆ ಮೊದಲು ಕಾಣಲಿಲ್ಲ. ಸುತ್ತ ನಾಲ್ಕು ಕಡ್ಡಿ ನೆಟ್ಟು ಅಷ್ಟು ಜಾಗ ಬಿಟ್ಟು ಹರಗಿದ. ಮುಂದೆ ಬಿತ್ತುವಾಗಲೂ ಅಲ್ಲಿ ಕೂರಿಗೆ ಎತ್ತಿ ದಾಟಿಸಿದ. ಪಕ್ಕದ ಹೊಲದವರು “ಹಕ್ಕಿಗೆ ಪಾಲಿಗೆ ಕೊಟ್ಟೀಯೇನೋ?” ಎಂದು ನಕ್ಕರು. ಅಜ್ಜನೂ ನಕ್ಕ. ಆ ವರ್ಷ ನಮ್ಮ ಭತ್ತದ ನಡುವೆ ಒಂದು ಹಾಸಿಗೆಯಷ್ಟು ಜಾಗದಲ್ಲಿ ಬರೀ ಹುಲ್ಲು. ಅಜ್ಜಿ ಮಾತ್ರ ಸುಗ್ಗಿಯವರೆಗೂ ಅದನ್ನು ಎತ್ತಿ ಆಡಿದಳು. ಆಕೆಯ ಸಿಟ್ಟೂ ತಪ್ಪಲ್ಲ, ಒಂದು ಎಕರೆಗೂ ಕಡಿಮೆ ಹೊಲ ನಮ್ಮದು.

ಕೇರಿಗೂ ಶಾಲೆಗೂ ನಡುವೆ ಒಂದು ಹಳ್ಳ. ನನ್ನ ಒಂದನೆಯ ಇಯತ್ತೆಯ ಮಳೆಗಾಲದಲ್ಲಿ ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ. ದಾಟಿಸಿ ಮರಳಿ ಹೋಗುತ್ತಿರಲಿಲ್ಲ. ಹಳ್ಳ ಏರಿದರೆ ಹುಡುಗ ಏನು ಮಾಡಿಯಾನು ಎಂದು ಶಾಲೆ ಬಿಡುವ ತನಕ ಅಂಗಳದ ಆಚೆ ಬೇವಿನ ಮರದ ಬುಡಕ್ಕೆ ಕಂಬಳಿ ಹೊದ್ದು ಕೂತಿರುತ್ತಿದ್ದ. ಗುರುಗಳೊಬ್ಬರು, ಒಳ್ಳೆಯ ಮನುಷ್ಯರು, “ಬಾ ಯಜಮಾನಾ, ಪಡಸಾಲ್ಯಾಗ ಕೂಡು, ನೆನೀಬ್ಯಾಡ” ಎಂದು ಕರೆದರು. ಅಜ್ಜ ಎದ್ದು ನಿಂತು ಹೇಳಿದ: “ಇರಲಿ ಬಿಡ್ರಿ, ನನಗ ಹೊರಗ ಚೊಲೋ ಅನಸ್ತೈತಿ.”

ಈ ಮಾತು ಅವನ ಬಾಯಲ್ಲಿ ಯಾವಾಗಲೂ ಇತ್ತು. ಪೇಟೆಯ ಚಹಾದಂಗಡಿಯಲ್ಲಿ ಹೊರಗ ಚೊಲೋ. ದೊಡ್ಡವರ ಮನೆಯ ಮದುವೆಯಲ್ಲಿ ಹೊರಗ ಚೊಲೋ. ದವಾಖಾನೆಯಲ್ಲಿ ನಮ್ಮ ಸರದಿ ಬರುವವರೆಗೂ ಹೊರಗ ಚೊಲೋ. ನಾನು ಬಹಳ ವರ್ಷ ಇದನ್ನು ಅಜ್ಜನ ಸ್ವಭಾವ ಎಂದೇ ತಿಳಿದಿದ್ದೆ. ನಮ್ಮ ಅಜ್ಜನಿಗೆ ಗೋಡೆ ಕಂಡರೆ ಆಗುತ್ತಿರಲಿಲ್ಲ, ಬಯಲೇ ಅವನ ಮನೆ ಎಂದು ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿದ್ದೂ ಉಂಟು.

ಧಾರವಾಡದಲ್ಲಿ ಕಾಲೇಜು ಓದುವಾಗ ಬಾಬಾಸಾಹೇಬರ ಬರಹ ಕೈಗೆ ಬಂದವು. ಮಹಾಡದ ಚವದಾರ ಕೆರೆಯ ಸಂಗತಿ ಓದಿದೆ. 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆ ನೀರು ಕುಡಿದರು. ದನಗಳಿಗೆ ತಡೆಯಿಲ್ಲದ ಕೆರೆಯಲ್ಲಿ ಮನುಷ್ಯರಿಗೆ ತಡೆ. ರಜೆಗೆ ಊರಿಗೆ ಬಂದಾಗ ಅಜ್ಜನಿಗೆ ಇದನ್ನು ಓದಿ ಹೇಳಿದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ನಾ ಸಣ್ಣಾಂವ ಇದ್ದಾಗ ಒಕ್ಕಲಿಗರ ಎಮ್ಮಿ ಹೊಡಕೊಂಡು ಕೆರಿಗೆ ಹೋಗತಿದ್ದೆ. ಎಮ್ಮಿ ನೀರಿಗೆ ಇಳೀತಿತ್ತು. ನಾ ಕೊಡ ಹಿಡಕೊಂಡು ದಂಡಿ ಮ್ಯಾಲೆ ನಿಂತಿರತಿದ್ದೆ. ಯಾರರ ಬಂದು ಹಾಕಿದ್ರ ನೀರು.” ಇಷ್ಟು ಹೇಳಿ, “ನಿಂತು ನಿಂತು ಹಕ್ಕಿ ನೋಡೂದು ಕಲತೆ ನೋಡು” ಎಂದು ನಕ್ಕ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೆಮ್ಮೆಪಟ್ಟ ‘ಹೊರಗ ಚೊಲೋ’ದಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಒಳಗೆ ಕರೆಸಿಕೊಳ್ಳದವನ ಮರ್ಯಾದೆ ಉಳಿಸಿಕೊಳ್ಳುವ ಉಪಾಯ? ನಮ್ಮ ಕೇರಿಗಳೇ ಊರ ಹೊರಗೆ. ಹೊರಗಿರಿಸಿದವರು ಇಟ್ಟ ಜಾಗವನ್ನೇ ಒಬ್ಬ ಮನುಷ್ಯ ಇಷ್ಟಪಟ್ಟರೆ ಅದು ಸೋಲೋ ಗೆಲುವೋ? ನೇರವಾಗಿಯೇ ಕೇಳಿದೆ ಒಮ್ಮೆ. “ಹಕ್ಕಿ ನೋಡಾಕ ಯಾರ ಅಪ್ಪಣಿ ಬೇಕಲೇ ತಮ್ಮಾ?” ಎಂದ. ಉತ್ತರ ಅದಕ್ಕಿಂತ ಮುಂದೆ ಹೋಗಲಿಲ್ಲ. ನನಗೆ ಇಂದಿಗೂ ಎರಡೂ ನಿಜ ಅನಿಸುತ್ತದೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅಜ್ಜನಿಗೆ ಅನ್ಯಾಯ.

ಆ ತುಂಡು ಹೊಲದ ಕತೆಯೂ ಇಂಥದ್ದೇ. ಅದು ಊರ ಚಾಕರಿಗೆ ಪ್ರತಿಯಾಗಿ ನಮ್ಮ ಮನೆತನಕ್ಕಿದ್ದ ಇನಾಮು. ಚಾಕರಿ ಎಂದರೆ ಗೊತ್ತಲ್ಲ: ಡಂಗುರ ಸಾರುವುದು, ಸತ್ತ ದನ ಎಳೆಯುವುದು, ಹಗಲು ರಾತ್ರಿ ಎನ್ನದೆ ಹೇಳಿದ ಕಡೆ ಓಡುವುದು. ಇಂಥ ವತನದ ಹೊಲ ನಮ್ಮವರನ್ನು ಊರಿಗೆ ಕಟ್ಟಿಹಾಕುವ ಹಗ್ಗ ಎಂದು ಬಾಬಾಸಾಹೇಬರು ಬಹಳ ಹಿಂದೆಯೇ ಕಂಡಿದ್ದರು. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತಾದ್ದರಿಂದ ಅದು ಪಾಸಾಗಿದ್ದರೆ ಆಡೂರಿನ ನಮ್ಮ ಮುತ್ತಜ್ಜನಿಗೂ ತಟ್ಟುತ್ತಿತ್ತು. ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ. ಆಮೇಲೆ ಆ ಹೊಲ ಅಜ್ಜನ ಹೆಸರಿಗೆ ಮರುಮಂಜೂರಾಯಿತು. ಉತಾರದಲ್ಲಿ ತನ್ನ ಹೆಸರು ಎಲ್ಲಿದೆ ಎಂದು ನನ್ನಿಂದ ಬೆರಳಿಟ್ಟು ತೋರಿಸಿಕೊಳ್ಳುತ್ತಿದ್ದ. ನಮ್ಮೂರಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನ ಸಿಕ್ಕಿದೆ, ಜಿನಾಲಯಕ್ಕೆ ಹೊಲ ಬಿಟ್ಟ ಸಂಗತಿ ಅದರಲ್ಲಿದೆ. ಅಂಥ ಕಲ್ಲುಗಳಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು ಇರುತ್ತದೆ. ಆ ಹೊಲ ಉತ್ತವರ ಹೆಸರು ಸಿಗುವುದು ಅಪರೂಪ. ಅಜ್ಜನ ಆ ಒಂದು ಸಾಲಿನ ಉತಾರ ನನಗೆ ಶಾಸನಕ್ಕಿಂತ ದೊಡ್ಡದು.

ಬುದ್ಧ ಗುರುವಿನ ಬಾಳಿನಲ್ಲೂ ಹೊಲ ಬರುತ್ತದೆ, ನೆನಪಿರಲಿ. ಎಳೆಯ ಸಿದ್ಧಾರ್ಥ ತಂದೆಯ ಹೊಲಕ್ಕೆ ಹೋದದ್ದನ್ನು ಬಾಬಾಸಾಹೇಬರು ಗ್ರಂಥದ ಮೊದಲ ಭಾಗದಲ್ಲೇ ಬರೆದಿದ್ದಾರೆ. ಅಲ್ಲಿ ಅವನು ಹಸಿರನ್ನಷ್ಟೇ ನೋಡಿ ಖುಷಿಪಡಲಿಲ್ಲ. ಸುಡುವ ಬಿಸಿಲಿನಲ್ಲಿ, ಮೈತುಂಬ ಬಟ್ಟೆಯಿಲ್ಲದೆ ದುಡಿಯುವ ಆಳುಗಳನ್ನು ನೋಡಿದ. ಒಬ್ಬ ದುಡಿದು ಇನ್ನೊಬ್ಬ ಕೂತು ಉಣ್ಣುವುದು ನ್ಯಾಯವೇ ಎಂದು ಗೆಳೆಯರನ್ನು ಕೇಳಿದ. ಲುಂಬಿನಿಯ ಮರದ ಕೆಳಗೆ ಹುಟ್ಟಿ, ಅರಳಿಯ ಕೆಳಗೆ ಬೋಧಿ ಪಡೆದು, ಕುಸಿನಾರದ ಎರಡು ಸಾಲವೃಕ್ಷಗಳ ನಡುವೆ ಪರಿನಿಬ್ಬಾಣ ಹೊಂದಿದ ಗುರುವನ್ನು ಪ್ರಕೃತಿಪ್ರಿಯ ಎಂದು ಹೊಗಳುವವರು ಈ ಹೊಲದ ಪ್ರಶ್ನೆಯನ್ನು ಬಿಟ್ಟು ಹೊಗಳುತ್ತಾರೆ. ನಾವು ಬಿಡಬಾರದು. ಅಜ್ಜನೂ ಹಾಗೆಯೇ. ಹಕ್ಕಿ ತೋರಿಸುತ್ತಿದ್ದ ಅವನ ಅಂಗಾಲಿನಲ್ಲಿ ಬಿರುಕುಗಳಿದ್ದವು, ಬೇಸಿಗೆಯಲ್ಲಿ ರಕ್ತ ಬರುತ್ತಿತ್ತು.

ಅಜ್ಜನೊಂದಿಗೆ ನಾನು ಧಮ್ಮದ ಮಾತು ತುಸು ಉದ್ದಕ್ಕೆ ಆಡಿದ್ದು ಒಂದೇ ಸಲ. ಅದು ವರ್ಷಾವಾಸದ ಕಾಲವೇ. ಮೂರನೆಯ ಸಂಗೀತಿಯ ನಂತರ ರಕ್ಖಿತ ಥೇರರನ್ನು ವನವಾಸಕ್ಕೆ ಕಳಿಸಿದರೆಂದು ಸಿಂಹಳದ ಮಹಾವಂಸ ಹೇಳುತ್ತದೆ, ವನವಾಸವೆಂದರೆ ನಮ್ಮ ಬನವಾಸಿ ಎಂದು ತಿಳಿದವರು ಗುರುತಿಸುತ್ತಾರೆ. ಇದನ್ನು ಅಜ್ಜನಿಗೆ ಹೇಳಿದೆ. ಬನವಾಸಿ ಅವನಿಗೆ ಗೊತ್ತಿದ್ದ ಊರು. ಅಲ್ಲಿ ಸುತ್ತಿ ಬರುವ ವರದೆಯೇ ನಮ್ಮ ತಾಲ್ಲೂಕಿಗೂ ಇಳಿಯುವುದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು, ಆ ಭಿಕ್ಷು ನಡೆದೇ ಬಂದಿರಬೇಕು ಎಂದೆ. ಅಜ್ಜ ತಟ್ಟನೆ ಕೇಳಿದ: “ಮಳಿಗಾಲದಾಗ ಏನ್ ಮಾಡತಿದ್ದ ಅಂವ?”

ನನಗೆ ಬಹಳ ಖುಷಿಯಾಯಿತು. ವಿನಯಪಿಟಕದ ಮಹಾವಗ್ಗದಲ್ಲಿ ವರ್ಷಾವಾಸ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ. ಭಿಕ್ಷುಗಳು ಮಳೆಗಾಲದಲ್ಲೂ ತಿರುಗುತ್ತಾರೆ, ಹಸಿರು ಹುಲ್ಲು ತುಳಿಯುತ್ತಾರೆ, ಸಣ್ಣ ಸಣ್ಣ ಜೀವಗಳು ಕಾಲಡಿ ಸಾಯುತ್ತವೆ, ಹಕ್ಕಿಗಳೂ ಗೂಡು ಕಟ್ಟಿ ಮಳೆಗಾಲ ಕಳೆಯುತ್ತವಲ್ಲ ಎಂದು ಜನ ದೂರಿದರು. ಗುರು ಆ ದೂರನ್ನು ಒಪ್ಪಿದರು. ಮೂರು ತಿಂಗಳು ಒಂದೆಡೆ ನಿಲ್ಲಬೇಕೆಂದು ಕಟ್ಟಳೆ ಮಾಡಿದರು. ಯಾವ ದೇವರೂ ಇಳಿದು ಬಂದು ಹೇಳಿದ್ದಲ್ಲ, ಹೊಲದ ಜನ ಹೇಳಿದ್ದು. ಇದನ್ನು ಕೇಳಿ ಅಜ್ಜ, “ಮಂದಿ ಹೇಳಿದ್ದ ಕೇಳಿದ್ನಲ್ಲ, ಅಂವ ಶ್ಯಾಣ್ಯಾ” ಎಂದ. ಆಮೇಲೆ ಮೊದಲ ಮಳೆಗೆ ನೆಲದಿಂದ ಎದ್ದು ಬರುವ ಮಖಮಲ್ಲಿನಂಥ ಕೆಂಪು ಹುಳಗಳನ್ನು ನೆನಪಿಸಿದ. ಅವು ಕಾಣಿಸಿಕೊಂಡ ದಿನ ಅವನು ನಮಗೆ ಹುಡುಗರಿಗೆಲ್ಲ ಬದುವಿನ ಮೇಲೆಯೇ ನಡೆಯಲು ಹೇಳುತ್ತಿದ್ದ, ತಪ್ಪಿದರೆ ಬೈಯುತ್ತಿದ್ದ. ಪಂಚಶೀಲದ ಮೊದಲ ಶೀಲವನ್ನು ನಾನು ಪಾಲಿಯಲ್ಲಿ ಕಲಿತದ್ದು ಬಹಳ ತಡವಾಗಿ, ಕಾಲಿನಲ್ಲಿ ಕಲಿತದ್ದು ಆಗ.

ಇನ್ನು ಹೊಂಗೆ ಮರಗಳ ವಿಷಯ. ನಮ್ಮ ಕೇರಿಯಿಂದ ನಮ್ಮವರ ಸುಡುಗಾಡಿಗೆ ದೂರ, ಹಾದಿಯಲ್ಲಿ ಒಂದು ಗಿಡ ಇರಲಿಲ್ಲ. ಒಂದು ಬೇಸಿಗೆ ಯಾರನ್ನೋ ಮಣ್ಣು ಮಾಡಿ ಬಂದ ಅಜ್ಜ ಕಟ್ಟೆಯ ಮೇಲೆ ಕೂತು ಹೇಳಿದ: “ಹೆಣ ಇಳಿಸಾಕ ನೆಳ್ಳಿಲ್ಲ. ಸತ್ತಾಂವಗ ಬಿಸಲ ಹತ್ತಂಗಿಲ್ಲ, ಹೊತ್ತಾಂವಗ ಹತ್ತತೈತಿ.” ಮುಂದಿನ ಮಳೆಗೆ 14 ಹೊಂಗೆ ಸಸಿ ನೆಟ್ಟ. ಆಡು ಮೇಯದ ಹಾಗೆ ಪ್ರತಿಯೊಂದಕ್ಕೂ ಜಾಲಿ ಮುಳ್ಳು ಕಟ್ಟಿದ. ಎರಡು ಬೇಸಿಗೆ ಹೆಗಲ ಮೇಲೆ ಕೊಡ ಹೊತ್ತು ನೀರು ಹಾಕಿದ. ನಡುವೆ ಯಾರೋ ಕೆಲವನ್ನು ಕಿತ್ತರು, ಒಂದೆರಡು ತಾವೇ ಒಣಗಿದವು. 9 ಉಳಿದವು.

ಸಂಯುತ್ತ ನಿಕಾಯದಲ್ಲಿ ವನರೋಪ ಎಂಬ ಪುಟ್ಟ ಸುತ್ತವಿದೆ. ಹಗಲೂ ರಾತ್ರಿಯೂ ಯಾರ ಪುಣ್ಯ ಬೆಳೆಯುತ್ತದೆ ಎಂದು ಕೇಳಿದ್ದಕ್ಕೆ ಭಗವಾನರು ಕೊಟ್ಟ ಉತ್ತರದಲ್ಲಿ ಯಜ್ಞವಿಲ್ಲ, ಮಂತ್ರವಿಲ್ಲ, ಹುಟ್ಟಿದ ಕುಲವಿಲ್ಲ. ತೋಪು ನೆಟ್ಟವರು, ಸೇತುವೆ ಕಟ್ಟಿದವರು, ಅರವಟ್ಟಿಗೆ ಇಟ್ಟವರು, ಬಾವಿ ತೋಡಿದವರು, ತಂಗಲು ನೆಲೆ ಕೊಟ್ಟವರು ಇದ್ದಾರೆ. ಅಜ್ಜನಿಗೆ ಈ ಸುತ್ತ ಹೇಳುವ ಅವಕಾಶ ನನಗೆ ಸಿಗಲಿಲ್ಲ, ನಾನೇ ಅದನ್ನು ಓದಿದ್ದು ಅವನು ಹೋದ ಮೇಲೆ.

2012ರ ಏಪ್ರಿಲ್‌ನಲ್ಲಿ ಅಜ್ಜ ತೀರಿಕೊಂಡ. ನಸುಕಿನಲ್ಲಿ, ಅದೇ ಕಟ್ಟೆಯ ಮೇಲೆ. ನಡುದಾರಿಯಲ್ಲಿ ಹೆಣ ಇಳಿಸಿದ್ದು ಅವನದೇ ಹೊಂಗೆಯ ನೆರಳಿನಲ್ಲಿ. ಹೂವಿನ ಕಾಲ, ಗಾಳಿ ಬಂದಾಗಲೆಲ್ಲ ಉದುರುತ್ತಿತ್ತು. ಹೊತ್ತವರು ಬೆವರು ಒರೆಸಿಕೊಂಡು ಕೂತರು. ತಿಸರಣ, ಪಂಚಶೀಲ ಹೇಳಿ ಮಣ್ಣು ಮಾಡಿದೆವು.

ಜಗಳ ಆದದ್ದು ಆಮೇಲೆ. ನಮ್ಮ ಸೋದರತ್ತೆ, ಅಜ್ಜನ ಒಬ್ಬಳೇ ಮಗಳು, ಮೂರನೆಯ ದಿನ ಹಾಲು ತುಪ್ಪ ಬಿಡಬೇಕು, ಎಡೆ ಇಡಬೇಕು, ಕಾಗೆ ಮುಟ್ಟಬೇಕು ಎಂದು ಹಟ ಹಿಡಿದಳು. “ಅಪ್ಪ ಹಸಗೊಂಡು ಹೋಗಾಂವ ಅಲ್ಲ. ನಿಮ್ಮ ಪುಸ್ತಕದ ಸಲುವಾಗಿ ಅವನ್ನ ಉಪವಾಸ ಕಳಸತೀರೇನು?” ಎಂದು ಅತ್ತಳು. ನಾನು 22 ಪ್ರತಿಜ್ಞೆಗಳ ಆರನೆಯದನ್ನು ಎತ್ತಿ ಹೇಳಿದೆ: ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಹೇಳಿಸಿದ ಮಾತು, ಅದನ್ನು ಮುರಿಯಲಾಗದು ಎಂದೆ. ಗಟ್ಟಿ ದನಿಯಲ್ಲೇ ಹೇಳಿದೆ. ಈಗ ನೆನೆದರೆ ಮಾತು ಸರಿ, ದನಿ ಸರಿಯಿರಲಿಲ್ಲ. ಅಪ್ಪನನ್ನು ಕಳೆದುಕೊಂಡ ಹೆಣ್ಣುಮಗಳ ಮುಂದೆ ನಾನು ಪರೀಕ್ಷೆಯ ಉತ್ತರ ಒಪ್ಪಿಸಿದ ಹಾಗಿತ್ತು.

ಅತ್ತೆ ಕಣ್ಣೊರೆಸಿಕೊಂಡು ಕೇಳಿದಳು: “ಅಪ್ಪ ಇದ್ದಾಗ ದಿನಾ ಮುಂಜಾನೆ ಹಕ್ಕಿಗೆ ಕಾಳು ಹಾಕತಿದ್ನಲ್ಲ. ಅದೂ ಬ್ಯಾಡೇನು?”

ನನ್ನ ಬಳಿ ಉತ್ತರವಿರಲಿಲ್ಲ. ಆರನೆಯ ಪ್ರತಿಜ್ಞೆ ಗೊತ್ತಿದ್ದವನಿಗೆ ಹದಿಮೂರನೆಯದೂ ಗೊತ್ತಿರಬೇಕು: ಸಕಲ ಜೀವಿಗಳಿಗೆ ದಯೆ ತೋರಿ ಅವುಗಳನ್ನು ಕಾಪಾಡುವುದು. ಕೊನೆಗೆ ಮನೆಯವರೆಲ್ಲ ಕೂತು ಹೀಗೆ ಮಾಡಿದೆವು. ಹಾಲು ತುಪ್ಪ ಇಲ್ಲ, ಎಡೆ ಇಲ್ಲ, ಕಾಗೆಗೆ ಕಾಯುವುದಿಲ್ಲ. ಅಜ್ಜ ಹಾಕುತ್ತಿದ್ದ ಕಾಳನ್ನು ಅವನು ಹಾಕುತ್ತಿದ್ದ ಜಾಗದಲ್ಲಿ ಅತ್ತೆ ಹಾಕುವುದು, ಅವನ ಮಣ್ಣಿನ ಪರಟೆಗೆ ನೀರು ತುಂಬಿಸುವುದು. ಅಜ್ಜನಿಗೆ ಇಷ್ಟವಾದ ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ ಮಾಡಿ ಬುಟ್ಟಿ ಹೊತ್ತುಕೊಂಡು ಕೆರೆಗೆ ಹೋಗುವುದು. ಕೆರೆ ಬತ್ತಿತ್ತು, ಉದ್ಯೋಗ ಖಾತ್ರಿಯಲ್ಲಿ ಹೂಳು ತೆಗೆಯುವ ಕೆಲಸ ನಡೆದಿತ್ತು. ಸಣ್ಣವನಿದ್ದಾಗ ಅಜ್ಜ ಕೊಡ ಹಿಡಿದು ನಿಂತ ದಂಡೆಯ ಕೆಳಗೇ ಎಲ್ಲರನ್ನೂ ಕೂರಿಸಿ ಬಡಿಸಿದೆವು. ಎಲ್ಲರೂ ಉಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಒಂದಿಬ್ಬರು “ಹೊಟ್ಟಿ ತುಂಬೇತಿ” ಎಂದು ದೂರ ಸರಿದು ಕೂತರು. ಉಳಿದವರು ಉಂಡರು, ಅಜ್ಜನ ಮಾತಾಡಿದರು, ಟಿಟ್ಟಿಭ ಹಕ್ಕಿಯ ಕತೆ ನಾನಲ್ಲ, ಆ ಪಕ್ಕದ ಹೊಲದವರೇ ಹೇಳಿದರು.

ಮುಂದೆ ಇದನ್ನು ನಮ್ಮ ಹಿರಿಯ ಉಪಾಸಕರೊಬ್ಬರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಮೂರನೆಯ ದಿನವೇ ಏಕೆ, ಹಕ್ಕಿಗೆ ಏಕೆ, ಇದು ಹಿಂಬಾಗಿಲಿನಿಂದ ಬಂದ ಶ್ರಾದ್ಧವೇ ಎಂದರು. ಅವರ ಎಚ್ಚರ ತಪ್ಪಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲೆ ಬುದ್ಧ, ಅಡುಗೆಮನೆಯಲ್ಲಿ ಎಡೆ ಎರಡೂ ನಡೆದಿವೆ. ನಾನು ಅಳೆಯುವುದು ಒಂದೇ ಅಳತೆಯಿಂದ: ಹಾಕಿದ ಕಾಳು ಸತ್ತವನಿಗೆ ತಲುಪುತ್ತದೆ ಎಂದು ಮನಸ್ಸು ನಂಬಿದೆಯೇ? ನಂಬಿದ್ದರೆ ಅದು ಶ್ರಾದ್ಧ. ಅಜ್ಜನಿಗೆ ಹಸಿವಿಲ್ಲ, ಹಕ್ಕಿಗಿದೆ ಎಂದು ತಿಳಿದು ಹಾಕಿದರೆ ಅದು ದಾನ. ಅತ್ತೆಯ ಮನಸ್ಸಿನಲ್ಲಿ ಅಂದು ಯಾವುದಿತ್ತೋ, ನಾನು ಕೆದಕಲಿಲ್ಲ. ಆದರೆ ಮುಂದಿನ ವರ್ಷದಿಂದ ಅವಳು ದಿನ ನೋಡುವುದನ್ನು ಬಿಟ್ಟು ಬೇಸಿಗೆಯುದ್ದಕ್ಕೂ ಪರಟೆಗೆ ನೀರು ಹಾಕತೊಡಗಿದಳು.

ನಿನ್ನೆ ಓದಿದ ಭಾಗ ನನಗೆ ಅರ್ಥವಾಗುವುದು ಈ ಹಾದಿಯಿಂದಲೇ. ಆತ್ಮವೆಂಬುದು ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹಾರುವುದಿಲ್ಲ. ದೇಹವಾಗಿದ್ದ ಪೃಥ್ವಿ, ಆಪ, ತೇಜ, ವಾಯು ಈ ನಾಲ್ಕು ಧಾತುಗಳು ನಾಶವಾಗದೆ ಹೊರಗಿನ ಅಂಥವೇ ಧಾತುಗಳ ರಾಶಿಯನ್ನು ಸೇರುತ್ತವೆ. ಮರಳಿ ಕೂಡಿದಾಗ ಹೊಸ ಹುಟ್ಟು. ಬಾಬಾಸಾಹೇಬರು ಬುದ್ಧನ ಮಾತನ್ನು ಬಿಡಿಸಿ ಹೇಳಿದ್ದು ಹೀಗೆ. ನನ್ನ ಮಗಳು ಸಣ್ಣವಳಿದ್ದಾಗ ಹೊಂಗೆಯ ಕೆಳಗೆ ನಿಂತು, “ಈ ಗಿಡದಾಗ ಮುತ್ತಜ್ಜನ ಆತ್ಮ ಐತೇನಪ್ಪಾ?” ಎಂದು ಕೇಳಿದಳು. “ಆತ್ಮ ಇಲ್ಲವ್ವ, ಮುತ್ತಜ್ಜ ಹೊತ್ತು ಹಾಕಿದ ನೀರು ಐತಿ” ಎಂದೆ. ಅವಳು ಗಿಡಕ್ಕೆ ಕಿವಿ ಹಚ್ಚಿ ನೋಡಿದಳು.

ಒಂದು ಕೊರಗು ಉಳಿದಿದೆ, ಬರೆದೇ ಬಿಡುತ್ತೇನೆ. ಅಂಗುತ್ತರ ನಿಕಾಯದಲ್ಲಿ ಒಂದು ಮಾತು ಬರುತ್ತದೆ: ತಾಯಿಯನ್ನು ಒಂದು ಹೆಗಲಿನ ಮೇಲೆ, ತಂದೆಯನ್ನು ಇನ್ನೊಂದು ಹೆಗಲಿನ ಮೇಲೆ ನೂರು ವರ್ಷ ಹೊತ್ತರೂ ಅವರ ಋಣ ತೀರದು; ಅವರನ್ನು ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳಲ್ಲಿ ನೆಲೆಗೊಳಿಸಿದರೆ ಅದು ಋಣ ತೀರಿಸಿದಂತೆ. ನನ್ನನ್ನು ಹೆಗಲ ಮೇಲೆ ಹೊತ್ತ ಅಜ್ಜನನ್ನು ನಾನು ಹೆಗಲ ಮೇಲೆ ಹೊತ್ತದ್ದು ಒಮ್ಮೆ ಮಾತ್ರ, ಅದೂ ಹೆಣವಾದ ಮೇಲೆ. ನಾಗಪುರಕ್ಕೆ ಕರೆದುಕೊಂಡು ಹೋಗಿ ದೀಕ್ಷಾಭೂಮಿ ತೋರಿಸಬೇಕು, ಅಲ್ಲೇ ದೀಕ್ಷೆ ಕೊಡಿಸಬೇಕು ಎಂದು ಎರಡು ವರ್ಷ ಅಂದುಕೊಂಡೆ. ಒಂದು ವರ್ಷ ಹಣ ಹೊಂದಲಿಲ್ಲ, ಇನ್ನೊಂದು ವರ್ಷ ನನಗೆ ರಜೆ ಸಿಗಲಿಲ್ಲ. ಅಜ್ಜನನ್ನು ಕೇಳಿದಾಗ ಅವನು ಕೇಳಿದ್ದು ಒಂದೇ: “ಅಲ್ಲಿ ಗಿಡ ಅದಾವೇನು?” ಬೋಧಿವೃಕ್ಷವಿದೆ ಎಂದಿದ್ದೆ. “ಹಂಗಾರ ಬರತೀನಿ, ಹೊರಗ ಕುಂದರತೀನಿ” ಎಂದಿದ್ದ. ಒಳಗೆ ಎಲ್ಲರೂ ಹೋಗಬಹುದು ಅಜ್ಜ, ಅದು ನಮ್ಮದೇ ಜಾಗ ಎಂದು ಹೇಳಿದ್ದಕ್ಕೆ ಅವನು ನನ್ನ ಮುಖವನ್ನೇ ನೋಡುತ್ತ ಕೂತ. ದೀಕ್ಷೆ ಪಡೆಯದೆಯೇ ಹೋದ. ನಾನು ಕಲಿಸಬೇಕಾದವನು ಅವನಿಂದಲೇ ಕಲಿತೆ ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಆ ಎರಡು ವರ್ಷ ಮರಳಿ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರು ಇದ್ದರೆ, ಅವರಿಗೆ ಎಲ್ಲಿಗಾದರೂ ಹೋಗುವ ಆಸೆ ಇದ್ದರೆ, ರಜೆ ಹಾಕಿ.

*ಇಂದಿನ ಅಭ್ಯಾಸ*

ಅಮಾವಾಸ್ಯೆಯ ದಿನ ನಾವು ಮನೆಯವರು, ಅತ್ತೆಯೂ ಸೇರಿ, ಅಜ್ಜನ ಹೊಂಗೆ ಹಾದಿಯಲ್ಲಿ ನಡೆಯುತ್ತೇವೆ. ಈ ಸಲ ಖಾಲಿ ಬಿದ್ದ ಐದು ಜಾಗದಲ್ಲಿ ಸಸಿ ಇಡಬೇಕೆಂದಿದೆ. ಉತ್ತರಿ ಮಳೆ ಹಿಡಿದಿದೆ, ನೆಲ ಮೆತ್ತಗಿದೆ. ಜಾಲಿ ಮುಳ್ಳು ಅತ್ತೆ ಈಗಾಗಲೇ ಕಡಿಸಿ ಇಟ್ಟಿದ್ದಾಳೆ. ಹಾನಗಲ್, ಅಕ್ಕಿಆಲೂರು ಕಡೆಯ ಬಂಧುಗಳು ಬರುವುದಾದರೆ ಬನ್ನಿ, ಬುತ್ತಿ ತನ್ನಿ. ದೂರದವರು ನಿಮ್ಮ ಹಿರಿಯರೊಬ್ಬರು ಮನೆಯ ಹೊರಗೆ ಮಾಡಿದ ಒಂದು ಕೆಲಸವನ್ನು, ನೆಟ್ಟದ್ದೋ, ತೋಡಿದ್ದೋ, ಕಟ್ಟಿದ್ದೋ, ಹೊತ್ತದ್ದೋ, ನಾಲ್ಕು ಸಾಲಿನಲ್ಲಿ ಬರೆದು ಇಂದು ರಾತ್ರಿಯೊಳಗೆ ಗುಂಪಿಗೆ ಹಾಕಿ. ಊರು, ಹೊಲದ ಹೆಸರು, ಗಿಡದ ಹೆಸರು ಬರೆಯಿರಿ. ಕೈಮುಗಿದ ಚಿತ್ರ ಸಾಲದು.

ನಾಳೆ ಸಿಗಾಲೋವಾದ ಸುತ್ತ ಓದುತ್ತೇವೆ.

ಜೈ ಭೀಮ್. ನಮೋ ಬುದ್ಧಾಯ.